ಮಳೆಗಾಲದ ಗಡುವಿಲ್ಲದ ಕೆಲಸಗಳು

ಈ ತಿಂಗಳು ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಾಗ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ಸಂಕಟವನ್ನು ಬೇರೆಬೇರೆ ಕೈಬರಹಗಳಲ್ಲಿ ಹೇಳುತ್ತಿರುವುದು ಕಂಡಿತು: ಮಾಡಬೇಕಾದ ಕೆಲಸ ಯಾವುದೆಂದು ಗೊತ್ತಿದೆ, ಮಾಡುವ ಶಕ್ತಿಯೂ ಇದೆ, ಆದರೂ ಅದು ನಾಳೆಗೆ ಹೋಗುತ್ತದೆ. ಹಾಗಾಗಿ ಈ ಸಲದ ಅಂಕಣವನ್ನು ಇದೊಂದೇ ವಿಷಯಕ್ಕೆ ಮೀಸಲಿಟ್ಟು ಆರು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಹೆಸರುಗಳನ್ನು ಕೈಬಿಟ್ಟಿದ್ದೇನೆ, ನಮ್ಮ ಕಾಸರಗೋಡು ಚಿಕ್ಕ ಜಿಲ್ಲೆ, ಊರು ಮತ್ತು ಉದ್ಯೋಗ ಹೇಳಿದರೆ ಮನೆಯ ದಾರಿಯನ್ನೇ ಹೇಳಿದಂತಾಗುವುದರಿಂದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ಪ್ರಶ್ನೆ: ನನಗೆ 29 ವರ್ಷ. ಅಧ್ಯಾಪಕ ತರಬೇತಿ ಮುಗಿಸಿ ಟ್ಯೂಷನ್ ಸೆಂಟರೊಂದರಲ್ಲಿ ಪಾಠ ಮಾಡುತ್ತಿದ್ದೇನೆ. ಪ್ರಾಥಮಿಕ ಶಾಲೆಯ ಕೆ-ಟೆಟ್ (ಕೇರಳದ ಅಧ್ಯಾಪಕ ಅರ್ಹತಾ) ಪರೀಕ್ಷೆಗೆ ಎರಡು ಸಲ ಕುಳಿತು, ಎರಡೂ ಸಲ ಕೊನೆಯ ವಾರವಷ್ಟೇ ಓದಿ, ಎರಡೂ ಸಲ ಕೆಲವೇ ಅಂಕಗಳಿಂದ ತಪ್ಪಿಹೋದೆ. ವೇಳಾಪಟ್ಟಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ನಾಲ್ಕು ಬಣ್ಣದ ಪೆನ್ನುಗಳಲ್ಲಿ ಬರೆದು ಗೋಡೆಗೆ ಅಂಟಿಸುತ್ತೇನೆ. ಗಣಿತದ ಪುಸ್ತಕ ತೆರೆಯುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೊಳೆದಿಡಬೇಕೆನಿಸುತ್ತದೆ. ನಾನು ಸೋಮಾರಿಯೇ ಅಕ್ಕ? ಅಥವಾ ಮಾಡಿದರೆ ಪೂರ್ತಿ ಸರಿಯಾಗಿಯೇ ಮಾಡಬೇಕೆಂಬ ನನ್ನ ಹಟವೇ ಇದಕ್ಕೆಲ್ಲ ಕಾರಣವೆ?
(ಓರ್ವ ಓದುಗಿ, ಬದಿಯಡ್ಕ)

ಉತ್ತರ: ಸೋಮಾರಿಯಾದವರು ಡಬ್ಬಿ ತೊಳೆಯುವುದಿಲ್ಲ ತಂಗಿ. ಭಗವದ್ಗೀತೆಯ 18ನೇ ಅಧ್ಯಾಯದ 28ನೇ ಶ್ಲೋಕದಲ್ಲಿ ತಾಮಸ ಕರ್ತೃವಿನ ಲಕ್ಷಣಗಳನ್ನು ಎಣಿಸುವಾಗ ‘ಅಲಸ’ ಎಂಬುದು ಒಂದು ಪದವಾಗಿಯೂ ‘ದೀರ್ಘಸೂತ್ರೀ’ ಎಂಬುದು ಇನ್ನೊಂದು ಪದವಾಗಿಯೂ ಬಂದಿದೆ. ಎರಡೂ ಒಂದೇ ಆಗಿದ್ದರೆ ಎರಡು ಸಲ ಹೇಳಬೇಕಾಗಿರಲಿಲ್ಲ. ಇನ್ನೂ ಸ್ವಾರಸ್ಯವೆಂದರೆ, ‘ದೀರ್ಘಸೂತ್ರೀ’ ಎಂಬುದಕ್ಕೆ ಒತ್ತಿಕೊಂಡೇ ‘ವಿಷಾದೀ’ ಎಂಬ ಪದ ಕುಳಿತಿದೆ. ಕೆಲಸವನ್ನು ಎಳೆಯುವವನ ಬಗಲಲ್ಲಿ ಬೇಗುದಿ ಇರುತ್ತದೆಂದು ಬೇಕೆಂದೇ ಸೂಚಿಸಿದ್ದೋ ಛಂದಸ್ಸಿನ ಅನುಕೂಲಕ್ಕೆ ಹಾಗಾದದ್ದೋ ಎಂಬ ಚರ್ಚೆಯನ್ನು ಪಂಡಿತರಿಗೆ ಬಿಡುತ್ತೇನೆ. ಇಂದಿನ ಮನಶ್ಶಾಸ್ತ್ರಜ್ಞರು ಬಂದು ತಲುಪಿರುವುದೂ ಹೆಚ್ಚುಕಡಿಮೆ ಅದೇ ಜಾಗಕ್ಕೆ. ಫುಶಿಯಾ ಸಿರೋಯ್ ಮತ್ತು ತಿಮೋತಿ ಪಿಚಿಲ್ ಎಂಬ ಇಬ್ಬರು ಸಂಶೋಧಕರು 2013ರಲ್ಲಿ ಮಂಡಿಸಿದ ವಾದ ಇದು: ಮುಂದೂಡುವವನು ನಿಜವಾಗಿ ದೂರ ತಳ್ಳುವುದು ಕೆಲಸವನ್ನಲ್ಲ, ಆ ಕೆಲಸದ ಎದುರು ಕುಳಿತ ಕೂಡಲೇ ಮನಸ್ಸಿನಲ್ಲಿ ಏಳುವ ಕಿರಿಕಿರಿಯನ್ನು. ಡಬ್ಬಿ ತೊಳೆದರೆ ಆ ಕಿರಿಕಿರಿ ತಕ್ಷಣ ಇಳಿಯುತ್ತದೆ, ಜೊತೆಗೆ ಒಂದು ಕೆಲಸ ಮಾಡಿದ ಸಮಾಧಾನವೂ ಸಿಗುತ್ತದೆ. ನಾಲ್ಕು ಬಣ್ಣದ ವೇಳಾಪಟ್ಟಿಯೂ ಇದೇ ಜಾತಿಯದು ಎಂದರೆ ನೀವು ಬೇಸರಿಸಬಾರದು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ, ನಿಮಗೆ ಇಷ್ಟವಾಗದಿದ್ದರೂ, ‘ಬಹುಶಃ ಅಲ್ಲ’ ಎಂಬುದೇ. ಕೆನಡಾದ ಪಿಯರ್ಸ್ ಸ್ಟೀಲ್ ಎಂಬವರು ಅದುವರೆಗಿನ ಅಧ್ಯಯನಗಳಿಂದ 691 ಸಹಸಂಬಂಧಗಳನ್ನು (ಎರಡು ಸಂಗತಿಗಳು ಎಷ್ಟರಮಟ್ಟಿಗೆ ಒಟ್ಟಿಗೆ ಸಾಗುತ್ತವೆಂಬ ಅಳತೆಗಳನ್ನು) ಒಟ್ಟು ಮಾಡಿ 2007ರಲ್ಲಿ ಪರಿಶೀಲಿಸಿದಾಗ, ಕೆಲಸದ ಅಪ್ರಿಯತೆ, ಅದರ ಫಲ ಸಿಗುವುದಕ್ಕೆ ಇರುವ ದೂರ, ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆಯ ಕೊರತೆ, ಮನಸ್ಸಿನ ಚಪಲ, ಇವೆಲ್ಲ ಮುಂದೂಡುವಿಕೆಯೊಂದಿಗೆ ಗಟ್ಟಿಯಾಗಿ ತಳುಕು ಹಾಕಿಕೊಂಡಿದ್ದವು. ಪರಿಪೂರ್ಣತೆಯ ಹಂಬಲದ ನಂಟು ಮಾತ್ರ ತೀರ ಸಡಿಲವಾಗಿತ್ತು. ‘ನಾನು ಪರಿಪೂರ್ಣತೆ ಬಯಸುವವಳು’ ಎಂದು ಹೇಳಿಕೊಳ್ಳುವುದರಲ್ಲಿ ಒಂದು ಗೌರವವಿದೆ, ‘ನನಗೆ ಲೆಕ್ಕವೆಂದರೆ ಭಯ’ ಎನ್ನುವುದರಲ್ಲಿ ಅದಿಲ್ಲ. ನಿಮ್ಮ ಪತ್ರದಲ್ಲಿ ಗಣಿತವೊಂದನ್ನು ಬಿಟ್ಟು ಬೇರೆ ವಿಷಯದ ಹೆಸರೇ ಬಂದಿಲ್ಲವೆಂಬುದನ್ನು ಗಮನಿಸಿದಿರಾ?

ಹಾಗಿದ್ದರೆ ಆ ಭಯವನ್ನೇ ಒಮ್ಮೆ ಅಳೆದುಬಿಡೋಣ. ನೀವು ಬರೆಯುವ ಪರೀಕ್ಷೆಯಲ್ಲಿ 150 ಪ್ರಶ್ನೆಗಳು, ಎರಡೂವರೆ ಗಂಟೆ. ಸಾಮಾನ್ಯ ವಿಭಾಗದವರಿಗೆ ಉತ್ತೀರ್ಣರಾಗಲು 60 ಶೇಕಡಾ, ಅಂದರೆ 90 ಅಂಕ ಬೇಕು. ಶಿಶುವಿಕಾಸ, ಎರಡು ಭಾಷೆಗಳು, ಪರಿಸರ ಅಧ್ಯಯನ, ಗಣಿತ, ಹೀಗೆ ಐದು ಭಾಗಗಳಿಗೆ 30ರಂತೆ ಅಂಕಗಳು ಹಂಚಿಹೋಗಿವೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವ ಕ್ರಮವಿಲ್ಲ. ಗಣಿತದಲ್ಲಿ 30ಕ್ಕೆ 15 ಬಂದರೆ ಉಳಿದ 120ರಲ್ಲಿ 75 ಸಾಕು. ನೀವು ಇಷ್ಟು ದಿನ ಡಬ್ಬಿ ತೊಳೆದದ್ದು ಬರೀ 15 ಅಂಕಗಳ ಹೆದರಿಕೆಯಿಂದ.

ನಾನು ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿದವಳು. ಪ್ರಬಂಧದ ಉತ್ತರಪತ್ರಿಕೆಗಳ ಕಟ್ಟು ಮನೆಗೆ ಬಂದರೆ ಅದರ ಹುರಿಯ ಗಂಟು ಬಿಚ್ಚುವುದಕ್ಕೇ ನನಗೆ ನಾಲ್ಕು ದಿನ ಬೇಕಾಗುತ್ತಿತ್ತು. ತಿದ್ದಲು ಕುಳಿತರೆ ಎರಡು ಸಂಜೆಯ ಕೆಲಸ. ಕಡೆಗೊಮ್ಮೆ ನನಗೆ ಹೊಳೆದ ಉಪಾಯವೆಂದರೆ, ರಾತ್ರಿ ಮಲಗುವ ಮುಂಚೆ ತಿದ್ದುವ ಉದ್ದೇಶವೇ ಇಲ್ಲದೆ ಗಂಟು ಬಿಚ್ಚಿ, ಮೇಲಿನ ಒಂದು ಪತ್ರಿಕೆಯನ್ನು ತೆರೆದು, ಅದರ ಮೇಲೆ ಕೆಂಪು ಪೆನ್ನಿನ ಮುಚ್ಚಳ ತೆಗೆದಿಟ್ಟು ಹೋಗುವುದು. ಬೆಳಿಗ್ಗೆ ಚಾ ಲೋಟ ಹಿಡಿದು ಆ ಮೇಜಿನ ಬಳಿ ಹಾದುಹೋಗುವಾಗ ಮೊದಲ ಸಾಲಿನ ಕಾಗುಣಿತದ ತಪ್ಪು ಕಣ್ಣಿಗೆ ಬೀಳುತ್ತಿತ್ತು. ಅದನ್ನು ತಿದ್ದಿದೆನೆಂದರೆ ಮುಗಿಯಿತು, ಲೋಟದ ಚಾ ತಣಿಯುವುದರೊಳಗೆ ಮೂರು ಪತ್ರಿಕೆ ಆಗಿರುತ್ತಿತ್ತು. ನಾಲ್ಕು ದಿನ ನನ್ನನ್ನು ಹಿಡಿದಿಟ್ಟದ್ದು ಆ ಗಂಟು ಮಾತ್ರ.

ವೇಳಾಪಟ್ಟಿಯನ್ನು ಗೋಡೆಯಿಂದ ತೆಗೆದು ಅದರ ಬದಲು ಒಂದೇ ಒಂದು ವಾಕ್ಯ ಬರೆಯಿರಿ: ‘ಟ್ಯೂಷನ್‌ನಿಂದ ಬಂದು ಕೈಕಾಲು ತೊಳೆದ ಮೇಲೆ, ಚಾವಡಿಯ ಮೇಜಿನಲ್ಲಿ, ಹಳೆಯ ಪ್ರಶ್ನೆಪತ್ರಿಕೆಯ ಐದು ಲೆಕ್ಕ’. ಯಾವುದಾದ ಮೇಲೆ, ಎಲ್ಲಿ, ಏನು ಎಂಬ ಮೂರೂ ಅದರಲ್ಲಿ ಇರಲೇಬೇಕು. ಪೀಟರ್ ಗೋಲ್‌ವಿಟ್ಸರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ ಎಂಬ ಮನಶ್ಶಾಸ್ತ್ರಜ್ಞರು 1997ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕ್ರಿಸ್‌ಮಸ್ ಮುನ್ನಾದಿನವನ್ನು ಹೇಗೆ ಕಳೆದಿರೆಂಬ ವರದಿಯನ್ನು ಎರಡು ದಿನಗಳೊಳಗೆ ಬರೆದು ಕಳುಹಿಸುವಂತೆ ವಿದ್ಯಾರ್ಥಿಗಳಿಗೆ ಹೇಳಿ, ಅವರಲ್ಲಿ ಅರ್ಧದಷ್ಟು ಜನರಿಂದ ಮಾತ್ರ ಅದನ್ನು ಎಲ್ಲಿ ಕುಳಿತು ಯಾವಾಗ ಬರೆಯುವಿರೆಂದು ಮೊದಲೇ ಬರೆಸಿಕೊಂಡರು. ಹಾಗೆ ಬರೆದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಹೇಳಿದ ಹೊತ್ತಿಗೆ ವರದಿ ಮುಗಿಸಿದರು, ಉಳಿದವರಲ್ಲಿ ಮೂರರಲ್ಲೊಬ್ಬರು. ಎರಡು ಗುಂಪಿನವರಿಗೂ ಮನಸ್ಸು ಇತ್ತು, ಜಾಗ ಮತ್ತು ಹೊತ್ತು ಒಂದು ಗುಂಪಿನ ಬಳಿ ಮಾತ್ರ ಇತ್ತು.

ಕಳೆದ ಎರಡು ಸಲದ ಸೋಲಿಗಾಗಿ ನಿಮ್ಮನ್ನು ನೀವೇ ಬೈದುಕೊಳ್ಳುವುದನ್ನೂ ನಿಲ್ಲಿಸಿ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಮೊದಲ ಪರೀಕ್ಷೆಗೆ ಓದದೆ ದಿನ ತಳ್ಳಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರೆಂದು ಕೆನಡಾದ 2010ರ ಅಧ್ಯಯನವೊಂದು ತೋರಿಸಿದೆ. ಬೈಗುಳ ಹೆಚ್ಚಿದಷ್ಟೂ ಪುಸ್ತಕ ಕಂಡಾಗಿನ ಕಿರಿಕಿರಿ ಹೆಚ್ಚುತ್ತದೆ, ಕಿರಿಕಿರಿ ಹೆಚ್ಚಿದಷ್ಟೂ ಡಬ್ಬಿಗಳು ಹೊಳೆಯುತ್ತವೆ.

ಪ್ರಶ್ನೆ: ನಾನು 54 ವರ್ಷದ ಕೃಷಿಕ, ಎರಡೂವರೆ ಎಕರೆ ಅಡಿಕೆ ತೋಟವಿದೆ. ತೋಟದ ಯಾವ ಕೆಲಸವನ್ನೂ ಈವರೆಗೆ ಹೊತ್ತು ತಪ್ಪಿಸಿದವನಲ್ಲ. ಆದರೆ ತಂದೆಯವರು ತೀರಿಕೊಂಡು ಆರು ವರ್ಷಗಳಾದರೂ ಜಾಗವನ್ನು ನನ್ನ ಮತ್ತು ತಮ್ಮನ ಹೆಸರಿಗೆ ಪೋಕುವರವು (ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆ) ಮಾಡಿಸಿಕೊಳ್ಳಲಿಲ್ಲ. ಫೈಲು ಕಪಾಟಿನಲ್ಲಿದೆ. ಬೇಸಗೆ ಕೊನೆಯ ಪತ್ತನಾಜೆ ಕಳೆಯಲಿ, ಮಳೆಗಾಲದ ಆಟಿ ತಿಂಗಳು ಕಳೆಯಲಿ, ಕೊಯ್ಲು ಮುಗಿಯಲಿ ಎನ್ನುತ್ತಲೇ ವರ್ಷ ಸುತ್ತಿ ಬರುತ್ತದೆ. ಮನೆಯವಳು ಕೇಳುವುದನ್ನೂ ಬಿಟ್ಟಿದ್ದಾಳೆ. ತಮ್ಮ ಬೆಂಗಳೂರಿನಲ್ಲಿದ್ದಾನೆ, ನಮ್ಮೊಳಗೆ ಜಗಳವೇನೂ ಇಲ್ಲ.
(ಕೃಷಿಕ, ಪೆರ್ಲ)

ಉತ್ತರ: ನಿಮ್ಮ ಪತ್ರದಲ್ಲಿಯೇ ಪ್ರಶ್ನೆ ಮತ್ತು ಉತ್ತರ ಎರಡೂ ಇವೆ, ಆದ್ದರಿಂದ ತೋಟದಿಂದಲೇ ಶುರುಮಾಡುತ್ತೇನೆ. ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸವನ್ನು ನೆನೆದುಕೊಳ್ಳಿ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೇರೆಬೇರೆಯಾಗಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ದು, ಚೂರಿಯ ಅಲಗನ್ನು ಅದ್ದಿ ತಾಮ್ರದ ಬಣ್ಣ ಹಿಡಿಯಿತೋ ಎಂದು ನೋಡಿ, ಕಲಸಿದ್ದನ್ನು ಅಂದೇ ಮುಗಿಸಬೇಕು. ಮಳೆ ಹಿಡಿಯುವ ಹೊತ್ತಿಗೆ ಒಂದು ಸಲ, ಅದಾಗಿ 40–45 ದಿನಕ್ಕೆ ಇನ್ನೊಂದು ಸಲ. ಇದು ಸುಖದ ಕೆಲಸವೇನಲ್ಲ, ಮದ್ದು ಬಿಡುವ ಜನ ಸಿಗುವುದಂತೂ ಇನ್ನೂ ಕಷ್ಟ, ಆದರೂ ನೀವು ಎಂದೂ ಇದನ್ನು ಮುಂದೂಡಲಿಲ್ಲ. ಏಕೆಂದರೆ ಮಳೆ ನಿಮ್ಮ ಮಾತು ಕೇಳುವುದಿಲ್ಲ, ತಡವಾದರೆ ಎಳೆಯ ಅಡಿಕೆ ಮರದ ಬುಡದಲ್ಲಿ ಉದುರಿ ಬಿದ್ದು ಲೆಕ್ಕ ಒಪ್ಪಿಸುತ್ತದೆ.

ಕಪಾಟಿನ ಫೈಲಿಗೆ ಕೊಳೆರೋಗ ಬರುವುದಿಲ್ಲ. ಬಂದರೂ ಅದು ಇಪ್ಪತ್ತು ವರ್ಷಗಳ ಅನಂತರ, ನಿಮ್ಮ ಮತ್ತು ತಮ್ಮನ ಮಕ್ಕಳು ಎದುರುಬದುರು ಕುಳಿತಾಗ ಗೊತ್ತಾಗುತ್ತದೆ. ನಾವು ಮುಂದೂಡುವ ಕೆಲಸಗಳನ್ನು ಒಂದು ಕಡೆ ಗುಡ್ಡೆ ಹಾಕಿ ನೋಡಿದರೆ, ಕಣ್ಣಿನ ತಪಾಸಣೆ, ಮರಣಶಾಸನ, ಹಳೆಯ ಸಾಲದ ಮಾತು, ಬರೆಯಬೇಕಾದ ಕಾಗದ, ಎಲ್ಲವೂ ಹಿಂದೆ ಮಳೆಗಾಲ ಇಲ್ಲದವುಗಳೇ. ಹಾಗಾಗಿ ಶಿಸ್ತು ನಿಮ್ಮಲ್ಲಿ ಇಲ್ಲವೆಂದು ಕೊರಗುವ ಅಗತ್ಯವಿಲ್ಲ. ಮೂವತ್ತು ಮಳೆಗಾಲ ತಪ್ಪದೆ ಮದ್ದು ಬಿಟ್ಟವರಿಗೆ ಶಿಸ್ತಿನ ಪಾಠ ಯಾರೂ ಹೇಳಬೇಕಾಗಿಲ್ಲ.

ಆದರೂ ಆರು ವರ್ಷವೆಂದರೆ ಬರೀ ಗಡುವಿನ ಕೊರತೆಯಲ್ಲ, ಎಲ್ಲೋ ಒಂದು ಮುಳ್ಳೂ ಇರಬೇಕು ಎಂದು ನನ್ನ ಊಹೆ. ಅದು ವಿಲ್ಲೇಜ್ ಆಫೀಸಿನ ಕಿಟಕಿಯೇ? ನಾನೂ ಕನ್ನಡ ಶಾಲೆಯಲ್ಲಿ ಕಲಿತವಳು; ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯಲ್ಲಿ, ಅದು ಯಾವುದೆಂಬುದು ಇಲ್ಲಿ ಬೇಡ, ಮಲೆಯಾಳದ ಅರ್ಜಿಯನ್ನು ಅಂದಾಜಿನ ಮೇಲೆ ತುಂಬಿಸಿ ಅಧಿಕಾರಿ ಸಹಿ ಹಾಕಬೇಕಾದ ಜಾಗದಲ್ಲಿ ನನ್ನ ಸಹಿ ಹಾಕಿಬಿಟ್ಟೆ. ಕಿಟಕಿಯ ಒಳಗಿನವರು ನಕ್ಕರು, ಹಿಂದಿನ ಸಾಲಿನವರೂ ನಕ್ಕರು, ಅದಾದ ಮೇಲೆ ಎಂಟು ತಿಂಗಳು ನಾನು ಆ ಕಡೆ ತಲೆ ಹಾಕಲಿಲ್ಲ. ಕೇಳಿದವರಿಗೆಲ್ಲ ‘ಪುರುಸೊತ್ತು ಆಗಲಿಲ್ಲ’ ಎನ್ನುತ್ತಿದ್ದೆ. 1956ರ ನವೆಂಬರ್ 1ರಿಂದ ನಮ್ಮ ಕಾಸರಗೋಡು ಕೇರಳದ್ದಾಗಿರುವಾಗ ಕಚೇರಿಯ ಕಾಗದದ ಎದುರು ನಮ್ಮಲ್ಲಿ ಅನೇಕರಿಗೆ ಇಂದಿಗೂ ಇರುವ ಈ ಅಳುಕನ್ನು ಸೋಮಾರಿತನವೆಂದು ಕರೆಯುವುದು ತಪ್ಪು. ಕುಂದುಕೊರತೆಯ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ ಎಂಬುದು ನಿಮ್ಮ ನೆನಪಿನಲ್ಲಿರಲಿ. ಆದರೆ ನಿಮ್ಮ ಕೆಲಸ ಬೇಗ ಆಗಬೇಕಿದ್ದರೆ, ಮಲೆಯಾಳ ಬಲ್ಲ ನೆರೆಮನೆಯ ಹುಡುಗನೊಬ್ಬನನ್ನು ಕರೆದುಕೊಂಡು ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗುವುದೇ ಒಳ್ಳೆಯದು.

ಮದ್ದು ಬಿಡುವವರ ದಿನವನ್ನು ಮುಂಚಿತವಾಗಿ ಹಿಡಿಯುವಂತೆ ಇದಕ್ಕೂ ದಿನ ಹಿಡಿಯಿರಿ. ಮೊದಲ ದಿನ ಫೈಲು ಹೊರತೆಗೆದು, ಹಳೆಯ ಆಧಾರ (ಜಾಗದ ದಸ್ತಾವೇಜು), ಮರಣ ಪ್ರಮಾಣಪತ್ರ, ಕೊನೆಯ ತೆರಿಗೆ ರಶೀದಿ, ಇವುಗಳಲ್ಲಿ ಯಾವುದು ಇದೆ ಯಾವುದು ಇಲ್ಲ ಎಂದು ಒಂದು ಹಾಳೆಯಲ್ಲಿ ಬರೆಯುವುದಷ್ಟೇ ಕೆಲಸ. ಅಂದು ಎಲ್ಲಿಗೂ ಹೋಗುವುದು ಬೇಡ. ಎರಡನೆಯದು, ತಮ್ಮನಿಗೆ ಫೋನು ಮಾಡಿ, ಕುಟುಂಬದ ದೈವದ ತಂಬಿಲ ಸೇವೆಗೆ ಅವನು ಬರುವ ದಿನವನ್ನು ಕೇಳಿ, ಅದರ ಮರುದಿನವನ್ನು ಇದಕ್ಕೆಂದು ಇಬ್ಬರೂ ಬರೆದಿಟ್ಟುಕೊಳ್ಳುವುದು. ಮೂರನೆಯದು, ಆಧಾರ ಬರೆಯುವವರಿಗೆ ಒಂದಿಷ್ಟು ಮುಂಗಡ ಕೊಟ್ಟುಬಿಡುವುದು. ನಿಮ್ಮ ತಮ್ಮನ ಟಿಕೆಟು ಮತ್ತು ನಿಮ್ಮ ಮುಂಗಡ, ಈ ಎರಡು ಸೇರಿ ಮಳೆಯಷ್ಟೇ ಗಟ್ಟಿಯಾದ ಗಡುವಾಗುತ್ತದೆ. ಮನೆಯವರು ಕೇಳುವುದನ್ನು ಬಿಟ್ಟಿದ್ದಾರೆಂದು ಬರೆದಿದ್ದೀರಿ. ತಂಬಿಲದ ಮರುದಿನದ ವಿಷಯವನ್ನು ಅವರಿಗೆ ಇಂದೇ ಹೇಳಿ.

ಪ್ರಶ್ನೆ: ಕನ್ನಡದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ, ಜೊತೆಗೆ ಅತಿಥಿ ಉಪನ್ಯಾಸಕನ ಕೆಲಸವೂ ಇದೆ. ‘ಮೂರನೆಯ ಅಧ್ಯಾಯ ಈ ತಿಂಗಳು ಮುಗಿಯುತ್ತದೆ’ ಎಂದು ಮಾರ್ಗದರ್ಶಕರಿಗೆ ಐದು ಸಲ ಹೇಳಿದ್ದೇನೆ. ಐದು ಸಲವೂ ಮನಸಾರೆ ನಂಬಿಯೇ ಹೇಳಿದ್ದೆ, ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ಈಗ ಅವರ ಮುಖ ನೋಡಲು ನಾಚಿಕೆಯಾಗುತ್ತದೆ.
(ಸಂಶೋಧನ ವಿದ್ಯಾರ್ಥಿ, ಕಾಸರಗೋಡು)

ಉತ್ತರ: ನಂಬಿ ಹೇಳಿದ್ದೆನೆಂಬ ನಿಮ್ಮ ಮಾತನ್ನು ನಾನು ಒಪ್ಪುತ್ತೇನೆ. ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ಪದವಿ ವಿದ್ಯಾರ್ಥಿಗಳಿಗೆ ಅದು ಎಂದು ಮುಗಿಯುತ್ತದೆಂದು ಕೇಳಿದರು. ಸರಾಸರಿ 33.9 ದಿನ ಎಂಬ ಉತ್ತರ ಬಂತು. ಎಲ್ಲವೂ ಕೆಟ್ಟರೆ ಎಷ್ಟು ದಿನ ಎಂದಾಗ 48.6 ಎಂದರು. ನಿಜವಾಗಿ ಹಿಡಿದದ್ದು 55.5 ದಿನ. ಕೆಡುಕನ್ನೇ ಊಹಿಸಿಕೊಂಡು ಹೇಳಿದ ಲೆಕ್ಕವೂ ಒಂದು ವಾರ ಕಡಿಮೆಯೇ ಆಯಿತು. ಮುಂದಿನ ಕೆಲಸವನ್ನು ಎಣಿಸುವಾಗ ನಾವು ಅದರ ಚಿತ್ರವನ್ನಷ್ಟೇ ಕಾಣುತ್ತೇವೆ. ಜ್ವರ, ಮದುವೆಯ ಆಮಂತ್ರಣ, ಇನ್ವಿಜಿಲೇಷನ್ ಡ್ಯೂಟಿ, ಸಂಜೆಯ ಹೊತ್ತು ಕೈಕೊಡುವ ಕರೆಂಟು, ಇವು ಆ ಚಿತ್ರದೊಳಗೆ ಬರುವುದಿಲ್ಲ. ನಿಮ್ಮ ಮೊದಲ ಎರಡು ಅಧ್ಯಾಯಗಳು ನಿಜವಾಗಿ ಎಷ್ಟು ತಿಂಗಳು ತೆಗೆದುಕೊಂಡವೆಂದು ಹಳೆಯ ಕಡತಗಳ ತಾರೀಕು ನೋಡಿ ಹೇಳಿ. ಮೂರನೆಯದೂ ಅಷ್ಟೇ ತೆಗೆದುಕೊಳ್ಳುತ್ತದೆ.

ನಮ್ಮ ಕಡೆ ನೀರಿಗಾಗಿ ಕೊರೆಯುವ ಸುರಂಗಗಳನ್ನು ನೀವು ನೋಡಿಯೇ ಇರುತ್ತೀರಿ. ಗುಡ್ಡದ ಮುರಕಲ್ಲಿನ ಬದಿಗೆ ಒಬ್ಬ ಮನುಷ್ಯ ನುಸುಳುವಷ್ಟೇ ಅಗಲದಲ್ಲಿ, ಅಡ್ಡಕ್ಕೆ, ಪಿಕ್ಕಾಸಿನಿಂದ ಕೊರೆಯುತ್ತ ಹೋಗುವವನಿಗೆ ಎಷ್ಟು ಕೋಲು ದಾಟಿದರೆ ನೀರು ಸಿಕ್ಕೀತೆಂಬುದು ಗೊತ್ತಿರುವುದಿಲ್ಲ. ಹಾಗಾಗಿ ಅವನು ನೀರಿನ ದಿನವನ್ನು ಯಾರಿಗೂ ಮಾತು ಕೊಡುವುದಿಲ್ಲ, ಇವತ್ತು ಹೊರಗೆ ಹೊತ್ತು ಹಾಕಿದ ಮಣ್ಣಿನ ಬುಟ್ಟಿಗಳನ್ನಷ್ಟೇ ಎಣಿಸುತ್ತಾನೆ. ಗಡಿಯಾಚೆ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು, 2022ರಲ್ಲಿ ಪದ್ಮಶ್ರೀ ಪಡೆದವರು, ಹಗಲು ಇನ್ನೊಬ್ಬರ ತೋಟದಲ್ಲಿ ಮರ ಹತ್ತುವ ಕೆಲಸ ಮುಗಿಸಿ ಬಂದು ಉಳಿದ ಹೊತ್ತಿನಲ್ಲಿ ತಮ್ಮ ಜಾಗದಲ್ಲಿ ಸುರಂಗ ಕೊರೆದರು. ಮೊದಲು ಕೊರೆದವುಗಳಲ್ಲಿ ನೀರು ಬರಲಿಲ್ಲ, ಮತ್ತೊಂದು ಶುರುಮಾಡಿದರು. ಮಾರ್ಗದರ್ಶಕರಿಗೆ ನೀವು ಆರನೆಯ ಸಲ ಅಧ್ಯಾಯದ ಮಾತು ಕೊಡಬೇಡಿ. ‘ಪ್ರತಿ ಶನಿವಾರ ಸಂಜೆ, ಆ ವಾರ ಬರೆದದ್ದು ಎಷ್ಟೇ ಆಗಿರಲಿ, ತಿದ್ದದೆಯೇ ಕಳುಹಿಸುತ್ತೇನೆ’ ಎಂದು ಹೇಳಿ. 25 ನಿಮಿಷಕ್ಕೆ ಗಡಿಯಾರ ಇಟ್ಟು ಬರೆದು ಐದು ನಿಮಿಷ ಬಿಡುವ ಪದ್ಧತಿಯೊಂದಿದೆ, ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಎಂಬವರು ಟೊಮೆಟೊ ಆಕಾರದ ಅಡುಗೆಮನೆಯ ಗಡಿಯಾರದಿಂದ ಶುರುಮಾಡಿದ್ದು. ನನಗೆ ಅದು ಒಗ್ಗಲಿಲ್ಲ, ವಾಕ್ಯದ ನಡುವೆ ಗಂಟೆ ಬಾರಿಸಿದರೆ ಸಿಟ್ಟು ಬರುತ್ತದೆ, ಆದರೆ ಕುಳಿತುಕೊಳ್ಳುವುದೇ ಕಷ್ಟವೆನ್ನುವವರಿಗೆ ಒಳ್ಳೆಯದು.

ಪ್ರಶ್ನೆ: ನನಗೆ 24. ಮಂಗಳೂರಿನ ಕೆಲಸ ಬಿಟ್ಟು ಮನೆಗೆ ಬಂದು ನಾಲ್ಕು ತಿಂಗಳಾಯಿತು. ಅರ್ಜಿ ಹಾಕುವುದು ಮಾತ್ರವಲ್ಲ, ಸ್ನಾನ, ಊಟ ಕೂಡ ನಾಳೆ ನೋಡಿಕೊಳ್ಳೋಣ ಎನಿಸುತ್ತದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ರೆಯಿಲ್ಲ. ಮೊದಲು ಚೆಂಡೆ ಕಲಿಯುತ್ತಿದ್ದೆ, ಈಗ ಅದರ ಸದ್ದೂ ಬೇಡವಾಗಿದೆ. ಸಮಯ ಹೊಂದಿಸಿಕೊಳ್ಳಲು ಏನಾದರೂ ಉಪಾಯ ಹೇಳಿ.
(ಉಪ್ಪಳ)

ಉತ್ತರ: ಉಪಾಯ ಹೇಳುವುದಿಲ್ಲ ಮಗಾ. ನೀನು ಬರೆದಿರುವುದು ಮುಂದೂಡುವಿಕೆಯ ವಿಷಯವಲ್ಲ. ಇಷ್ಟಪಟ್ಟು ಮಾಡುತ್ತಿದ್ದ ಕೆಲಸವೂ ಬೇಡವಾಗಿ, ನಿದ್ರೆ ಮತ್ತು ಊಟ ಎರಡೂ ಕೆಟ್ಟು, ಅದು ಎರಡು ವಾರಕ್ಕಿಂತ ಹೆಚ್ಚು ಉಳಿದರೆ ವೈದ್ಯರನ್ನು ಕಾಣಲೇಬೇಕು. ನಿನಗೆ ನಾಲ್ಕು ತಿಂಗಳಾಗಿದೆ. ಇದು ಖಿನ್ನತೆ ಆಗಿರಬಹುದು, ಆಗಿದ್ದರೆ ಅದಕ್ಕೆ ಚಿಕಿತ್ಸೆಯಿದೆ. ಯಾರೊಂದಿಗಾದರೂ ಮೊದಲು ಫೋನಿನಲ್ಲಿ ಮಾತನಾಡಬೇಕೆನಿಸಿದರೆ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡು, ಅದು ಉಚಿತ, ಹಗಲುರಾತ್ರಿ ಇರುತ್ತದೆ. ಈ ಪತ್ರಿಕೆಯನ್ನು ಮನೆಯಲ್ಲಿ ನಿನಗೆ ಹತ್ತಿರವಾದ ಒಬ್ಬರ ಕೈಗೆ ಕೊಟ್ಟು ಈ ಪುಟ ತೋರಿಸಿದರೂ ಸಾಕು, ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಪ್ರಶ್ನೆ: ಕುಡುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಘಟಕದ ಕಾರ್ಯದರ್ಶಿಯಾಗಿದ್ದೇನೆ. ಲೆಕ್ಕದ ಪುಸ್ತಕ ಬರೆಯುವುದು ಪ್ರತಿ ವಾರವೂ ಹಿಂದೆ ಬೀಳುತ್ತದೆ, ದೂರಶಿಕ್ಷಣದ ಪದವಿಗೆ ಸೇರುವ ಯೋಚನೆಯೂ ಮೂರು ವರ್ಷಗಳಿಂದ ಹಾಗೆಯೇ ಇದೆ. ಮನೆಯಲ್ಲಿ ಅತ್ತೆ, ಎರಡು ಮಕ್ಕಳು, ಎರಡು ದನ. ‘ನಿನಗೆ ಟೈಮ್ ಮ್ಯಾನೇಜ್‌ಮೆಂಟ್ ಗೊತ್ತಿಲ್ಲ’ ಎನ್ನುತ್ತಾರೆ ನಮ್ಮವರು.
(ಗೃಹಿಣಿ, ಮುಳ್ಳೇರಿಯ)

ಉತ್ತರ: ನಿಮ್ಮವರಿಗೆ ಈ ಅಂಕಿಗಳನ್ನು ಓದಿ ಹೇಳಿ. ಕೇಂದ್ರ ಸರಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ತೊಡಗಿದ ಗಂಡಸರು 97 ನಿಮಿಷ. ಅದೂ ಗಂಡಸರಲ್ಲಿ ಒಟ್ಟು ತೊಡಗುವವರೇ ನಾಲ್ವರಲ್ಲಿ ಒಬ್ಬರಷ್ಟು. ದಿನಕ್ಕೆ ಐದು ಗಂಟೆ ಹೀಗೆ ಹೋದ ಮೇಲೆ, ಉಳಿದ ಹೊತ್ತೂ ಅತ್ತೆಯ ಔಷಧಿ, ಮಕ್ಕಳ ಬಸ್ಸು, ಹಾಲು ಕರೆಯುವ ಹೊತ್ತು ಎಂದು ತುಂಡುತುಂಡಾಗಿರುವವರಿಗೆ ‘ನಿರ್ವಹಿಸು’ ಎನ್ನುವುದು ಖಾಲಿ ಪರ್ಸು ಕೊಟ್ಟು ಸಂತೆಗೆ ಕಳುಹಿಸಿದ ಹಾಗೆ.

ಆದ್ದರಿಂದ ನಿಮಗೆ ವೇಳಾಪಟ್ಟಿಗಿಂತ ಮೊದಲು ಒಂದು ಮಾತುಕತೆ ಬೇಕು. ಒಂದು ವಾರ, ಕ್ಯಾಲೆಂಡರಿನ ಚೌಕಗಳಲ್ಲೇ, ಬೆಳಿಗ್ಗೆ ಎದ್ದಲ್ಲಿಂದ ಮಾಡಿದ್ದನ್ನು ಎರಡೆರಡು ಪದಗಳಲ್ಲಿ ಗುರುತಿಸಿ. ವಾರದ ಕೊನೆಗೆ ಅದನ್ನು ನಿಮ್ಮವರ ಎದುರಿಟ್ಟು, ವಾರದಲ್ಲಿ ಎರಡು ಸಂಜೆ ಒಂದೊಂದು ಗಂಟೆ ದನ ಮತ್ತು ಮಕ್ಕಳನ್ನು ಅವರು ನೋಡಿಕೊಳ್ಳಬೇಕೆಂದು ಕೇಳಿ. ಯಾವ ಎರಡು ಸಂಜೆ ಎಂದೂ ಹೇಳಿ, ಇಲ್ಲವಾದರೆ ಆ ಗಂಟೆ ಎಂದೂ ಬರುವುದಿಲ್ಲ. ಲೆಕ್ಕದ ಪುಸ್ತಕವನ್ನು ಮಾತ್ರ ಮನೆಗೆ ತರಲೇಬೇಡಿ. ವಾರದ ಸಭೆ ಮುಗಿದು ಎಲ್ಲರೂ ಏಳುವ ಮುಂಚೆ, ಅಲ್ಲೇ ಹತ್ತು ನಿಮಿಷ ಕುಳಿತು ಬರೆದು, ಇನ್ನೊಬ್ಬರಿಂದ ಓದಿಸಿ ಮುಚ್ಚಿಬಿಡಿ. ಸಭೆಯಲ್ಲಿ ಹತ್ತು ಹದಿನೈದು ಜನ ಕಾಯುತ್ತಿರುವಾಗ ಆಗುವಷ್ಟು ಚುರುಕಾದ ಲೆಕ್ಕ ಮನೆಯಲ್ಲಿ ಯಾರಿಗೂ ಆಗುವುದಿಲ್ಲ.

ಪ್ರಶ್ನೆ: ಸರಕಾರಿ ಕೆಲಸದಿಂದ ನಿವೃತ್ತನಾಗಿ ಐದು ವರ್ಷ. ನಾಲ್ಕು ದಶಕ ತಾಳಮದ್ದಳೆಯಲ್ಲಿ (ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ) ಅರ್ಥ ಹೇಳಿದವನು, ಕೇಳಿದವನು. ಆ ಕಾಲದ ಕೂಟಗಳ ನೆನಪುಗಳನ್ನು ಬರೆದಿಡಬೇಕೆಂದು ಆಸೆ. ಕೆಲಸದಲ್ಲಿದ್ದಾಗ ಪುರುಸೊತ್ತಿರಲಿಲ್ಲ; ಈಗ ಇಡೀ ದಿನ ನನ್ನದು, ಆದರೆ ಐದು ವರ್ಷಗಳಲ್ಲಿ ಒಂದು ಪುಟವೂ ಆಗಿಲ್ಲ.
(ನಿವೃತ್ತ ನೌಕರ, ಕುಂಬಳೆ)

ಉತ್ತರ: ಇಡೀ ದಿನ ನಿಮ್ಮದಾದದ್ದೇ ತೊಂದರೆ. ಸಿರಿಲ್ ನಾರ್ತ್‌ಕೋಟ್ ಪಾರ್ಕಿನ್‌ಸನ್ 1955ರಲ್ಲಿ ಬರೆದ ಹಾಸ್ಯದ ಲೇಖನವೊಂದರಲ್ಲಿ, ಬಿಡುವಾಗಿರುವ ಮುದುಕಿಯೊಬ್ಬಳು ತಂಗಿಯ ಮಗಳಿಗೊಂದು ಕಾರ್ಡು ಹಾಕುವುದಕ್ಕೆ ಇಡೀ ದಿನ ತೆಗೆದುಕೊಳ್ಳುತ್ತಾಳೆ: ಕಾರ್ಡು ಹುಡುಕಲು, ಕನ್ನಡಕ ಹುಡುಕಲು, ವಿಳಾಸ ಹುಡುಕಲು, ಮತ್ತೆ ಕೊಡೆ ಬೇಕೋ ಬೇಡವೋ ಎಂದು ನಿಶ್ಚಯಿಸಲು. ಇರುವ ಹೊತ್ತಿನಷ್ಟೂ ಕೆಲಸ ಉಬ್ಬುತ್ತದೆ ಎಂಬುದು ಅವರ ಸಿದ್ಧಾಂತ. ಆದ್ದರಿಂದ ದಿನವನ್ನು ಬಿಟ್ಟುಬಿಡಿ. ಬೆಳಗಿನ ಕಾಫಿ ಮತ್ತು ಪೇಪರ್ ಬರುವುದರ ನಡುವಿನ ಅರ್ಧ ಗಂಟೆ ಮಾತ್ರ ಬರವಣಿಗೆಗೆ. ಪೇಪರ್ ಹುಡುಗನ ಬೈಕಿನ ಸದ್ದು ಕೇಳಿದ ಕೂಡಲೇ ವಾಕ್ಯ ಅರ್ಧದಲ್ಲಿದ್ದರೂ ಪೆನ್ನು ಕೆಳಗಿಡಿ. ಅರ್ಧದ ವಾಕ್ಯ ಮರುದಿನ ನಿಮ್ಮನ್ನು ಕರೆಯುತ್ತದೆ.

ಇನ್ನೊಂದು. ಅರ್ಥಧಾರಿಗೆ ಎದುರು ಅರ್ಥಧಾರಿ ಇಲ್ಲದೆ ಮಾತು ಹುಟ್ಟುವುದಿಲ್ಲವೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಖಾಲಿ ಹಾಳೆ ಎದುರು ಮಾತನಾಡುವುದಿಲ್ಲ. ನಿಮ್ಮ ಪತ್ರದ ಕೊನೆಗೆ, ಮಳೆ ಸುರಿದು ದೀಪ ಆರಿದ ರಾತ್ರಿ ಕತ್ತಲಲ್ಲೇ ಮುಂದುವರಿದ ಕೂಟವೊಂದನ್ನು ಎರಡು ಸಾಲಿನಲ್ಲಿ ಹೇಳಿ ಬಿಟ್ಟಿದ್ದೀರಿ. ಆ ರಾತ್ರಿ ಪ್ರಸಂಗ ಯಾವುದು, ಭಾಗವತರು ಪದವನ್ನು ಹೇಗೆ ಎತ್ತಿಕೊಂಡರು, ಕತ್ತಲಲ್ಲಿ ಮೊದಲು ಮಾತನಾಡಿದವರು ಯಾರು? ಅದೊಂದನ್ನೇ ಬರೆದು, ಮುಂದಿನ ತಿಂಗಳ 10ರ ಒಳಗೆ ಈ ಅಂಕಣದ ವಿಳಾಸಕ್ಕೆ ಕಳುಹಿಸಿ. 11ನೇ ತಾರೀಕು ಬೆಳಿಗ್ಗೆ ಅಂಚೆಯವನನ್ನು ನಾನು ಕೇಳುವವಳಿದ್ದೇನೆ.